ಇದು ಜ್ವಾಳದ್ದಲ್ಲ!

ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳೋಣ ಅಂತ ಇದನ್ನು ಬರೀತಿದ್ದೀನಿ. ಅಂಥಾ ದೊಡ್ಡ ತಪ್ಪೇನಲ್ಲ ಅಂತ ನಿಮಗೆ ಅನ್ನಿಸಬಹುದು. ಆಡಿದ್ದು ಒಂದೆರಡು ಮಾತು, ಅಷ್ಟೇ. ಊರಿನ ಅರ್ಧಕ್ಕರ್ಧ ನರ್ಸರಿಗಳಲ್ಲಿ ಪೇರೆಂಟ್ಸ್ ಮೀಟಿಂಗ್ ದಿನ ಟೀಚರ್‌ಗಳು ಹೇಳುವ ಮಾತು. ನಿಮ್ಮಲ್ಲೂ ಎಷ್ಟೋ ಜನ ಅದನ್ನು ಕೇಳಿಸಿಕೊಂಡು ತಲೆಯಾಡಿಸಿ ಬಂದಿರ್ತೀರಿ.

‘ಮನೇಲಿ ಸ್ವಲ್ಪ ಇಂಗ್ಲಿಷಲ್ಲೇ ಮಾತಾಡಿ. ಕನ್ನಡ ಕಮ್ಮಿ ಮಾಡಿ.’

ಈ ಮಾತನ್ನು ಕಳೆದ ವರ್ಷ ಆಗಸ್ಟ್‌ನಲ್ಲಿ ನಾನು ಒಬ್ಬ ತಾಯಿಗೆ ಹೇಳಿದೆ. ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಅದರಿಂದ ಏನಾಯ್ತು ಅನ್ನೋದನ್ನೇ ಈಗ ಹೇಳ್ತೀನಿ.

ಇನ್‌ವಾಯ್ಸ್ ಬಿಟ್ಟು ಎಲ್‌ಕೆಜಿಗೆ

ನಾನು ಓದಿದ್ದು ಬಿ.ಕಾಂ. ಆರು ವರ್ಷ ಒಂದು ಕಂಪನಿಯ ಬ್ಯಾಕ್ ಆಫೀಸ್‌ನಲ್ಲಿ ಇನ್‌ವಾಯ್ಸ್‌ಗಳನ್ನು ನೋಡ್ತಿದ್ದೆ. ಮಗಳು ಹುಟ್ಟಿದ ಮೇಲೆ ರಾತ್ರಿ ಪಾಳಿ, ಊರಿನ ಆ ತುದಿಗೆ ಕ್ಯಾಬ್, ಟ್ರಾಫಿಕ್ ಎಲ್ಲಾ ಸೇರಿ ಸಾಕಾಗಿ ಕೆಲಸ ಬಿಟ್ಟೆ. ಅವಳಿಗೆ ಮೂರು ತುಂಬಿದಾಗ ಮನೆ ಹತ್ತಿರದ ನರ್ಸರಿಗೆ ಸೇರಿಸೋಕೆ ಹೋದೆ. ಅಲ್ಲಿಯ ಹೆಡ್‌ಮಿಸ್ ಐದು ನಿಮಿಷ ಮಾತಾಡಿಸಿ, ‘ನಿಮ್ಮ ಇಂಗ್ಲಿಷ್ ಚೆನ್ನಾಗಿದೆ. ಮನೇಲೇ ಇದ್ದೀರಲ್ಲ, ನಮ್ಮಲ್ಲಿಗೇ ಬನ್ನಿ. ಮಗಳ ಫೀಸ್‌ನಲ್ಲಿ ಅರ್ಧ ಬಿಡ್ತೀನಿ’ ಅಂದರು. ಹಾಗೆ ನಾನು ‘ಮಿಸ್’ ಆದೆ. ಮೊದಲ ವರ್ಷ ಅಸಿಸ್ಟೆಂಟ್. ಮರುವರ್ಷ ಕ್ಲಾಸ್ ಟೀಚರ್ ಹೆರಿಗೆ ರಜೆ ಮೇಲೆ ಹೋದರು, ಎಲ್‌ಕೆಜಿ ಪೂರ್ತಿ ನನ್ನ ಕೈಗೆ ಬಂತು. ಒಂದು ಕೋಣೆ, 32 ಮಕ್ಕಳು.

ನಮ್ಮದು ಬೆಂಗಳೂರಿನ ಪೀಣ್ಯದ ಕಡೆ. ಲೇತ್ ವರ್ಕ್‌ಶಾಪ್‌ಗಳು, ಗಾರ್ಮೆಂಟ್ಸ್, ಎದ್ದೇಳ್ತಾ ಇರೋ ಅಪಾರ್ಟ್‌ಮೆಂಟ್‌ಗಳು. ಎಲ್ಲೆಲ್ಲಿಂದಲೋ ದುಡಿಯೋಕೆ ಬಂದ ಜನ. ಫೀಸ್ ಕಟ್ಟೋದು ಕಷ್ಟವಾದರೂ ಮಗು ಇಂಗ್ಲಿಷ್ ಕಲಿಯಲಿ ಅಂತ ಇಲ್ಲಿಗೇ ಸೇರಿಸ್ತಾರೆ.

ಟೀಚರ್ ಆಗೋಕೆ ನನ್ನ ಹತ್ತಿರ ಇದ್ದದ್ದು ಇಂಗ್ಲಿಷ್ ಒಂದೇ. ಹಾಗಾಗಿ ನಾನು ಕಲಿಸಿದ್ದೂ ಅದೊಂದನ್ನೇ. ಬೆಳಿಗ್ಗೆ ಎಲ್ಲರೂ ಕೂಗೋದು, ಎ ಫಾರ್ ಆಪಲ್. ಆಮೇಲೆ ನಾಲ್ಕು ಗೆರೆ ಪುಸ್ತಕದಲ್ಲಿ ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್, ಸ್ಲ್ಯಾಂಟಿಂಗ್ ಲೈನ್. ಕೈ ಹಿಡಿದು ತಿದ್ದಿಸೋದು. ಯಾರು ಜೋರಾಗಿ ಕೂಗ್ತಾರೋ, ಯಾರು ಗೆರೆ ದಾಟದೆ ಬರೀತಾರೋ ಅವರು ಜಾಣರು.

ಆ ಲೆಕ್ಕದಲ್ಲಿ ಕಟ್ಟಕಡೆಯಲ್ಲಿ ಕೂರ್ತಿದ್ದವನು ಒಬ್ಬ ಹುಡುಗ. ಅವನ ಹೆಸರು ಬೇಡ, ಪುಟ್ಟ ಅಂತ ಕರೀತೀನಿ. ನಾಲ್ಕು ವರ್ಷ. ಯಾದಗಿರಿ ಕಡೆಯವರು. ಅಪ್ಪ ಗಾರೆ ಕೆಲಸ, ಅಮ್ಮ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಹೌಸ್‌ಕೀಪಿಂಗ್. ಜೂನ್‌ನಲ್ಲಿ ಸೇರಿದವನು ಆಗಸ್ಟ್ ಬಂದರೂ ತರಗತಿಯಲ್ಲಿ ಒಂದು ಮಾತಾಡಿರಲಿಲ್ಲ. ಅಳ್ತಿರಲಿಲ್ಲ, ಗಲಾಟೆ ಮಾಡ್ತಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದ. ಸುಸ್ಸುಗೆ ಹೋಗಬೇಕಾದರೂ ಕೇಳ್ತಿರಲಿಲ್ಲ, ಎರಡು ಸಲ ಚಡ್ಡಿ ಒದ್ದೆ ಮಾಡಿಕೊಂಡ. ಕಣ್ಣು ಮಾತ್ರ ಇಡೀ ಹೊತ್ತು ನನ್ನ ಮುಖದ ಮೇಲೆ.

ಆಗಸ್ಟ್ ಮೀಟಿಂಗ್‌ಗೆ ಅವನ ತಾಯಿ ಬಂದರು. ಕೆಲಸದ ಯೂನಿಫಾರ್ಮ್ ಮೇಲೇ ಬಂದಿದ್ದರು, ಅರ್ಧ ಗಂಟೆ ಪರ್ಮಿಶನ್ ಅಂತೆ. ನಾನು ಪ್ರೋಗ್ರೆಸ್ ಕಾರ್ಡ್ ತೋರಿಸಿ, ‘ಏನೂ ರೆಸ್ಪಾನ್ಸ್ ಇಲ್ಲ. ಮನೇಲಿ ಸ್ವಲ್ಪ ಇಂಗ್ಲಿಷಲ್ಲೇ ಮಾತಾಡಿ. ಕನ್ನಡ ಕಮ್ಮಿ ಮಾಡಿ’ ಅಂದೆ. ಅವರು ಕಾರ್ಡಿಗೆ ಸಹಿ ಹಾಕಿ, ‘ಆಯ್ತ್ರಿ ಅಕ್ಕೋರೆ’ ಅಂತ ಹೋದರು. ಅವರ ಕಡೆ ಹೆಣ್ಣು ಟೀಚರ್‌ಗೆ ಹಾಗೆ ಕರೀತಾರೆ.

‘ಸನ್ನಿ ಮಾಡ್ತೀವ್ರಿ’

ದಸರಾ ರಜೆ ಮುಗಿದ ಮೇಲೆ ಇನ್ನೊಂದು ಮೀಟಿಂಗ್. ಪುಟ್ಟ ಹಾಗೇ ಇದ್ದ. ಇಲ್ಲ, ಹಾಗೇ ಇರಲಿಲ್ಲ, ಇನ್ನೂ ಇಳಿದಿದ್ದ. ಮೊದಲು ಪಕ್ಕದ ಹುಡುಗನ ಟಿಫನ್ ಬಾಕ್ಸ್ ಇಣುಕಿ ನಗ್ತಾನಾದರೂ ಇದ್ದ, ಈಗ ಅದೂ ಇರಲಿಲ್ಲ.

‘ಮನೇಲಿ ಮಾತಾಡ್ತಾನಾ?’ ಅಂತ ಕೇಳಿದೆ. ಮೊದಲನೇ ಸಲ ಕೇಳಿದೆ ಅನ್ನೋದನ್ನು ಗಮನಿಸಿ. ಆಗಸ್ಟ್‌ನಲ್ಲಿ ನಾನು ಇದನ್ನು ಕೇಳಿಯೇ ಇರಲಿಲ್ಲ.

‘ಮೊದ್ಲು ಬಾಳ ಮಾತಾಡ್ತಿದ್ದರಿ. ಊರಾಗ ಅಂಗನವಾಡ್ಯಾಗ ಎಲ್ಲಾರಕ್ಕಿಂತ ಜೋರ ಹಾಡ ಹೇಳಾವ ಇವನೇ. ಈಗ ಕಮ್ಮಿ ಆಗ್ಯದ.’

‘ಯಾಕೆ?’

ಅವರು ನನ್ನ ಮುಖವನ್ನೇ ನೋಡಿದರು. ‘ನೀವೇ ಹೇಳಿದ್ರಲ್ರಿ ಅಕ್ಕೋರೆ, ಮನ್ಯಾಗ ಕನ್ನಡ ಮಾತಾಡಬ್ಯಾಡ್ರಿ ಅಂತ. ನಮಗ ಇಂಗ್ಲಿಷ್ ಎಲ್ಲಿ ಬರ್ತದ? ಅದಕ ನಾವು ಅವನ ಜೋಡಿ ಮಾತಾಡೋದೇ ಬಿಟ್ಟೀವಿ. ಸನ್ನಿ ಮಾಡ್ತೀವ್ರಿ. ಉಣ್ಣು ಅಂತ ಕೈ ಮಾಡ್ತೀವಿ, ಮಕ್ಕೊ ಅಂತ ಕೈ ಮಾಡ್ತೀವಿ. ಫೋನಿನ್ಯಾಗ ಇಂಗ್ಲಿಷ್ ಹಾಡ ಹಚ್ಚಿ ಕೂಡಸ್ತೀವಿ.’

ದೂರು ಹೇಳೋ ದನಿಯಲ್ಲ ಅದು. ಹೋಮ್‌ವರ್ಕ್ ಸರಿಯಾಗಿ ಮಾಡಿದ್ದೀವಿ ಅನ್ನೋ ದನಿ.

ಎರಡು ತಿಂಗಳು. ಹತ್ತಕ್ಕೆ ಹನ್ನೆರಡಡಿಯ ಒಂದು ಶೀಟ್ ಮನೆಯಲ್ಲಿ ಅಪ್ಪ, ಅಮ್ಮ, ನಾಲ್ಕು ವರ್ಷದ ಮಗು ಸನ್ನೆ ಮಾಡಿಕೊಂಡು ಬದುಕಿದ್ದಾರೆ. ನನ್ನ ಮಾತಿಗೆ ಬೆಲೆ ಕೊಟ್ಟು.

ನನಗೆ ಏನು ಹೇಳಬೇಕೋ ತಿಳೀಲಿಲ್ಲ. ‘ನಾನು ಹೇಳಿದ್ದು ತಪ್ಪು. ಇವತ್ತಿಂದಲೇ ಮಾತಾಡಿ, ನಿಮ್ಮ ಮಾತಲ್ಲೇ ಮಾತಾಡಿ’ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ‘ಮತ್ತ ಇಂಗ್ಲಿಷ್?’ ಅಂದರು. ‘ಅದು ನನ್ನ ಕೆಲಸ’ ಅಂದೆ. ಹೇಗೆ ಮಾಡ್ತೀನಿ ಅಂತ ನನಗೂ ಗೊತ್ತಿರಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಮಗು ಮಾತಾಡದೇ ಇರೋಕೆ ಭಾಷೆಯೊಂದೇ ಕಾರಣ ಅಂತ ನಾವೇ ತೀರ್ಮಾನ ಮಾಡಬಾರದು. ಮನೆಯಲ್ಲೂ ಮಾತಿಲ್ಲ, ಹೆಸರು ಕರೆದರೆ ತಿರುಗಲ್ಲ, ಬರ್ತಿದ್ದ ಮಾತುಗಳೂ ಹೋಗ್ತಿವೆ ಅಂದರೆ ಕಾಯದೆ ಡಾಕ್ಟರಿಗೆ ತೋರಿಸಬೇಕು. ಕಿವಿ, ಮಾತಿನ ತೊಂದರೆಗಳಿಗಂತಲೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಪುಟ್ಟನಿಗೂ ಇಲ್ಲೇ ಹತ್ತಿರದಲ್ಲಿ ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿತ್ತು. ಅಂದರೆ ಅಷ್ಟು ದಿನವೂ ಎಲ್ಲಾ ಕೇಳಿಸ್ತಿತ್ತು.

ಒಂದು ನಗು ನೆನಪಾಯ್ತು

ಆ ರಾತ್ರಿ ನಿದ್ದೆ ಬರಲಿಲ್ಲ. ಜೂನ್ ತಿಂಗಳ ಮೊದಲ ವಾರ ನೆನಪಾಯ್ತು. ಪುಟ್ಟ ಒಳಗೆ ಬಂದವನೇ ಬ್ಯಾಗ್ ಹಿಡ್ಕೊಂಡು ನಿಂತು, ‘ನಾ ಎಲ್ಲಿ ಕುಂದ್ರಲಿ?’ ಅಂತ ಕೇಳಿದ್ದ. ಮಕ್ಕಳೆಲ್ಲ ‘ಕುಂದ್ರಲಿ, ಕುಂದ್ರಲಿ’ ಅಂತ ನಕ್ಕರು. ನಾನೂ ನಕ್ಕೆ. ಮುದ್ದಾಗಿ ಕೇಳಿಸ್ತು ಅಂತ ನಕ್ಕೆ, ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು? ಆಮೇಲೆ ಅವನು ಮಾತಾಡಿರಲಿಲ್ಲ.

ಅಂದರೆ ಅವನ ಬಾಯಿ ಮುಚ್ಚಿಸಿದ್ದು ಇಂಗ್ಲಿಷ್ ಒಂದೇ ಅಲ್ಲ. ನಮ್ಮ ಬೆಂಗಳೂರು ಕನ್ನಡವೂ ಸೇರಿಕೊಂಡಿತ್ತು.

ಹೊಸ ಭಾಷೆಯ ತರಗತಿಗೆ ಬಂದ ಚಿಕ್ಕ ಮಕ್ಕಳಲ್ಲಿ ಅನೇಕರು ಸ್ವಲ್ಪ ಕಾಲ ಸುಮ್ಮನಾಗಿಬಿಡ್ತಾರೆ ಅಂತ ಆಮೇಲೆ ನಾನು ಸೇರಿದ ನರ್ಸರಿ ಟೀಚರ್ ಟ್ರೈನಿಂಗ್‌ನಲ್ಲಿ ತಿಳೀತು. ಕೆಲವರಿಗೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ. ಬಾಯಿ ಸುಮ್ಮನಿದ್ದರೂ ಕಿವಿ, ಕಣ್ಣು ಕೆಲಸ ಮಾಡ್ತಿರುತ್ತವೆ. ಆಗ ಒತ್ತಾಯ ಮಾಡಿ ನಿಲ್ಲಿಸಿ ಕೇಳಿದರೆ ಇನ್ನೂ ಒಳಗೆ ಹೋಗ್ತಾರೆ. ನಾನು ಮಾಡ್ತಿದ್ದದ್ದು ಅದನ್ನೇ. ದಿನಾ ಅವನನ್ನು ನಿಲ್ಲಿಸಿ, ‘ವಾಟ್ ಈಸ್ ದಿಸ್?’ ಅಂತ ಆಪಲ್ ಚಿತ್ರ ತೋರಿಸ್ತಿದ್ದೆ.

ಹೆಡ್‌ಮಿಸ್ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಆದರೆ ಸ್ಕೂಲ್ ನಡೆಸಬೇಕಲ್ಲ. ‘ಪಕ್ಕದ ರಸ್ತೆ ಸ್ಕೂಲಲ್ಲಿ ಎಲ್‌ಕೆಜಿಗೇ ತ್ರೀ ಲೆಟರ್ ವರ್ಡ್ಸ್ ಶುರು ಮಾಡಿದ್ದಾರೆ. ನಾವು ಆಟ ಆಡಿಸಿದ್ರೆ ಪೇರೆಂಟ್ಸ್ ಟಿಸಿ ಕೇಳ್ತಾರಮ್ಮ’ ಅಂದರು. ಕೊನೆಗೆ ಊಟದ ನಂತರದ ಅರ್ಧ ಗಂಟೆ ನನ್ನದು ಅಂತಾಯ್ತು. ‘ಬುಕ್ ಕೆಲಸ ಮಾತ್ರ ಹಿಂದೆ ಬೀಳಬಾರದು’ ಅನ್ನೋ ಷರತ್ತಿನ ಮೇಲೆ.

ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಅಂತ ಓದೋಕೆ ಶುರು ಮಾಡಿದೆ. ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಸಿಕ್ತು. ಅವರೂ ನನ್ನ ಹಾಗೆ ಬೇರೆ ಕೆಲಸದಿಂದ ಬಂದವರು ಅಂತ ತಿಳಿದು ಸ್ವಲ್ಪ ಧೈರ್ಯ ಬಂತು. ವಕೀಲರಾಗಿದ್ದವರು ಅದನ್ನು ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಪುಟ್ಟ ಮಕ್ಕಳಿಗಾಗಿ ಬಾಲಮಂದಿರ ಶುರು ಮಾಡಿದರು. ಜನ ಅವರನ್ನು ‘ಮೀಸೆ ಇರುವ ಅಮ್ಮ’ ಅಂತ ಕರೀತಿದ್ದರಂತೆ. ಆ ಪುಸ್ತಕದ ಮೇಷ್ಟ್ರು ದೊಡ್ಡ ಪ್ಲಾನ್ ಇಟ್ಕೊಂಡು ತರಗತಿಗೆ ಹೋಗ್ತಾರೆ, ಮೊದಲ ದಿನವೇ ಎಲ್ಲಾ ಕೆಡುತ್ತೆ. ಆಮೇಲೆ ಕಥೆ ಹೇಳೋಕೆ ಶುರು ಮಾಡ್ತಾರೆ, ಮಕ್ಕಳು ಹತ್ತಿರ ಬರ್ತಾರೆ.

ನನ್ನ ಮೊದಲ ದಿನವೂ ಕೆಟ್ಟಿತು. ವಿಂಗಡಿಸೋ ಆಟ ಆಡಿಸೋಣ ಅಂತ ಕಡಲೆಬೀಜ, ಹೆಸರುಕಾಳು ಮಿಕ್ಸ್ ಮಾಡಿ ಕೊಟ್ಟೆ. ಐದನೇ ನಿಮಿಷಕ್ಕೆ ಒಬ್ಬ ಹುಡುಗಿ ಮೂಗಿನೊಳಗೆ ಹೆಸರುಕಾಳು ಹಾಕ್ಕೊಂಡಿದ್ದಳು. ಪುಣ್ಯಕ್ಕೆ ಸೀನಿ ಹೊರಗೆ ಬಂತು. ಅವತ್ತಿಂದ ಕಾಳು ಬಂದ್, ದೊಡ್ಡ ಬಾಟಲಿ ಮುಚ್ಚಳಗಳು ಬಂದವು. ಮನೇಲಿ ಮಾಡೋರೂ ಇದನ್ನು ನೆನಪಿಟ್ಕೊಳ್ಳಿ.

ಮುಚ್ಚಳದ ಆಟದಲ್ಲಿ ಇನ್ನೊಂದು ಗೊತ್ತಾಯ್ತು. ನೂರರವರೆಗೆ ಗಡಗಡ ಹೇಳೋ ನಮ್ಮ ತರಗತಿಯ ‘ಟಾಪರ್’ಗೆ ‘ಆರು ಮುಚ್ಚಳ ಕೊಡು’ ಅಂದೆ. ಅವನು ಒಂದು ಹಿಡಿ ಎತ್ತಿ ಕೊಟ್ಟ. ಬಾಯಿಪಾಠ ಬಂದಿತ್ತು, ಎಣಿಕೆ ಬಂದಿರಲಿಲ್ಲ. ಪುಟ್ಟನ ಕಡೆ ತಿರುಗಿದೆ. ಅವನು ಏನೂ ಹೇಳಲಿಲ್ಲ. ಒಂದೊಂದಾಗಿ ಆರು ಮುಚ್ಚಳ ನನ್ನ ಅಂಗೈಯಲ್ಲಿಟ್ಟ. ಅವನ ಪ್ರೋಗ್ರೆಸ್ ಕಾರ್ಡ್‌ನಲ್ಲಿ ಗಣಿತದ ಮುಂದೆ ನಾನು ‘ಪೂರ್’ ಅಂತ ಬರೆದಿದ್ದೆ.

ಹಿಟ್ಟಿನ ದಿನ

ನವೆಂಬರ್‌ನ ಒಂದು ದಿನ ಮನೆಯಿಂದ ಚಪಾತಿ ಹಿಟ್ಟು ಕಲಸಿಕೊಂಡು ಹೋದೆ. ಕಾರಣ ಬೇರೇನೇ ಇತ್ತು. ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರೋದಿಲ್ಲ. ಬೆರಳುಗಳಿಗೆ ಶಕ್ತಿ ಬರೋ ಮೊದಲೇ ಪೆನ್ಸಿಲ್ ಹಿಡಿಸಿ ಪುಟಗಟ್ಟಲೆ ಬರೆಸಿದರೆ ಕೈ ನೋಯುತ್ತೆ, ಬರೆಯೋದೇ ಬೇಡ ಅನ್ನಿಸುತ್ತೆ. ಹಿಟ್ಟು ನಾದೋದು, ಕಾಗದ ಹರಿಯೋದು, ಮಣಿ ಪೋಣಿಸೋದು, ಇವೆಲ್ಲ ಬರವಣಿಗೆಗೆ ತಯಾರಿ ಅಂತ ಓದಿದ್ದೆ. ಹೆಡ್‌ಮಿಸ್‌ಗೂ ‘ಹ್ಯಾಂಡ್‌ರೈಟಿಂಗ್ ಪ್ರಾಕ್ಟೀಸ್’ ಅಂತಲೇ ಹೇಳಿದ್ದೆ!

ಎಲ್ಲರಿಗೂ ನಿಂಬೆಹಣ್ಣಿನ ಗಾತ್ರದ ಉಂಡೆ. ಕೆಲವರು ಹಾವು ಮಾಡಿದರು, ಕೆಲವರು ಲಡ್ಡು. ನಾನು ಮೇಜಿನ ಹತ್ತಿರ ನಿಲ್ಲದೆ ಕೆಳಗೆ ಮಕ್ಕಳ ಜೊತೆ ಕೂತಿದ್ದೆ. ಪುಟ್ಟ ಉಂಡೆಯನ್ನು ಮೂಸಿ ನೋಡಿದ. ನೆಲದ ಮೇಲೆ ಇಟ್ಟು ಅಂಗೈಯಿಂದ ಟಪ್ ಟಪ್ ಅಂತ ಬಡಿಯೋಕೆ ಶುರು ಮಾಡಿದ. ಬಡಿಯುತ್ತಾ ಬಡಿಯುತ್ತಾ ತಿರುಗಿಸ್ತಿದ್ದ. ಹಿಟ್ಟು ಅಗಲವಾಗಿ ಮತ್ತೆ ಕುಗ್ಗುತ್ತಿತ್ತು. ಮೂರು ನಾಲ್ಕು ಸಲ ನೋಡಿದ. ಆಮೇಲೆ ತಲೆ ಎತ್ತಿ, ಬೇಜಾರಿನಿಂದ ಅಂದ:

‘ಇದು ಜ್ವಾಳದ್ದಲ್ಲ.’

ಐದು ತಿಂಗಳ ಮೇಲೆ ಮೊದಲ ಮಾತು. ಅಕ್ಕಪಕ್ಕದ ಮಕ್ಕಳು ಸುಮ್ಮನಾದರು. ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು, ತಟ್ಟಲಿಲ್ಲ. ಮತ್ತೆ ಹೆದರಿಬಿಟ್ಟರೆ ಅಂತ. ಏನೂ ಆಗದವಳ ಹಾಗೆ ಕೇಳಿದೆ:

‘ಹೌದಾ? ಹೇಗೆ ಗೊತ್ತಾಯ್ತು?’

‘ಬಡದ್ರ ವಾಪಸ್ ಬರ್ತದ. ಇದು ಗೋದಿದು.’

‘ಹಾಗಾದ್ರೆ ಜೋಳದ್ದು ಹೇಗೆ ಕಲಸ್ತಾರೆ?’

‘ಬಿಸಿನೀರ ಹಾಕ್ಬೇಕು. ನಮ್ಮವ್ವ ಹಾಕ್ತಾಳ. ಸುಡ್ತದ, ನೀವ ಮುಟ್ಟಬ್ಯಾಡ್ರಿ.’

ನಾನು ತುಮಕೂರು ಕಡೆಯವಳು. ಮುದ್ದೆ ಗೊತ್ತು, ಜೋಳದ ರೊಟ್ಟಿ ಹೋಟೆಲಲ್ಲಿ ತಿಂದಿದ್ದೀನಷ್ಟೇ. ಅದಕ್ಕೆ ಬಿಸಿನೀರು ಹಾಕಿ ಕಲಸ್ತಾರೆ ಅಂತ ನನಗೆ ನಿಜವಾಗಲೂ ಗೊತ್ತಿರಲಿಲ್ಲ. ಅದು ನನ್ನ ಮುಖದಲ್ಲಿ ಅವನಿಗೆ ಕಾಣಿಸಿರಬೇಕು. ಮುಂದಿನ ಹತ್ತು ನಿಮಿಷ ಅವನು ನಿಲ್ಲಿಸಲೇ ಇಲ್ಲ. ಹಂಚು ಕಾಯಬೇಕು, ಮ್ಯಾಲೆ ನೀರು ಸವರಬೇಕು, ಅದು ಉಬ್ಬುತ್ತೆ, ಅಪ್ಪನಿಗೆ ನಾಲ್ಕು, ಅವ್ವನಿಗೆ ಮೂರು, ನನಗೆ ಒಂದು ಸಣ್ಣದು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ದಿನಾ ಅವನಿಗೆ ಆಪಲ್ ಚಿತ್ರ ತೋರಿಸಿ ‘ಇದೇನು?’ ಅಂತಿದ್ದೆ. ಅದು ಏನು ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ಅವನಿಗೂ ಗೊತ್ತು. ಗೊತ್ತಿದ್ದೂ ಕೇಳ್ತಾಳೆ ಅಂದರೆ ಪರೀಕ್ಷೆ ಮಾಡ್ತಿದ್ದಾಳೆ ಅಂತ ಅರ್ಥ. ಪರೀಕ್ಷೆಯಲ್ಲಿ ಸೋಲೋದಕ್ಕಿಂತ ಸುಮ್ಮನಿರೋದು ವಾಸಿ. ಜೋಳದ ಹಿಟ್ಟಿನ ವಿಷಯದಲ್ಲಿ ಮಾತ್ರ ನಾನು ಮೊದಲ ಸಲ ನಿಜವಾದ ಪ್ರಶ್ನೆ ಕೇಳಿದ್ದೆ. ಅವನ ಹತ್ತಿರ ಇದ್ದು ನನ್ನ ಹತ್ತಿರ ಇಲ್ಲದ್ದನ್ನು ಕೇಳಿದ್ದೆ. ಅದೂ ಅವನ ಭಾಷೆಯಲ್ಲೇ ಉತ್ತರ ಹೇಳಬಹುದಾದ ಹಾಗೆ.

ಚಿಕ್ಕ ಮಗುವಿನ ಕಲಿಕೆ ಅಂದರೆ ನಾವು ತುಂಬಿಸೋದು ಅಂತ ನಾನು ತಿಳಿದಿದ್ದೆ. ಮಗು ಆಗಲೇ ತುಂಬಿಕೊಂಡು ಬಂದಿರುತ್ತೆ. ಅದನ್ನು ಇಳಿಸಿಕೊಳ್ಳೋಕೆ ನಾವು ಜಾಗ ಕೊಡಬೇಕು, ಆಮೇಲೆ ನಮ್ಮದು.

ಆಮೇಲೆ ಬದಲಾಯಿಸಿದ್ದು

ದೊಡ್ಡ ಕ್ರಾಂತಿಯೇನೂ ಆಗಲಿಲ್ಲ. ನಾಲ್ಕು ಸಣ್ಣ ಅಭ್ಯಾಸ ಮಾಡಿಕೊಂಡೆ.

ಒಂದು, ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸ್ತೀನಿ. ಮೊದಲು ಎರಡು ಸೆಕೆಂಡ್‌ಗೇ ಬೇರೆ ಮಗುವಿನ ಕಡೆ ತಿರುಗಿಬಿಡ್ತಿದ್ದೆ. ನಿಧಾನವಾಗಿ ಯೋಚಿಸೋ ಮಗುವಿಗೆ ಆ ಮೂರು ಸೆಕೆಂಡೇ ಬೇಕಾಗಿರೋದು.

ಎರಡು, ಮಗು ಹೇಳಿದ್ದನ್ನು ತಿದ್ದೋದಿಲ್ಲ, ಸ್ವಲ್ಪ ಉದ್ದ ಮಾಡಿ ವಾಪಸ್ ಕೊಡ್ತೀನಿ. ಮಗು ‘ನಾಯಿ’ ಅಂದರೆ, ‘ಹೌದು, ಕರೀ ನಾಯಿ ಓಡ್ತಿದೆ’. ಆಮೇಲೆ ಅದಕ್ಕೇ ಇಂಗ್ಲಿಷ್ ಸೇರಿಸ್ತೀನಿ, ‘ಬ್ಲ್ಯಾಕ್ ಡಾಗ್’. ವಸ್ತು ಗೊತ್ತಿದ್ದರೆ, ಅದರ ಮೇಲೆ ಎರಡನೇ ಹೆಸರು ಬೇಗ ಅಂಟಿಕೊಳ್ಳುತ್ತೆ.

ಮೂರು, ಮನೆಯ ಪದ ತರಗತಿಗೆ ಬರಬೇಕು. ಮರುದಿನ ಪುಟ್ಟ ‘ಕುಂದ್ರ್ರಿ ಮಿಸ್’ ಅಂದ. ನಾನು ಎಲ್ಲರಿಗೂ ಕೇಳಿದೆ, ನಿಮ್ಮನೇಲಿ ಏನಂತಾರೆ? ಕೂತ್ಕೋ, ಕುತ್ಗ, ಕುಂದ್ರು. ಒಬ್ಬಳು ತಮಿಳಲ್ಲಿ, ಒಬ್ಬ ಉರ್ದುವಿನಲ್ಲಿ ಹೇಳಿದ. ಕೊನೆಗೆ ‘ಸಿಟ್ ಡೌನ್’. ಒಂದು ವಾರ ಪೂರ್ತಿ ಎಲ್ಲಾ ಭಾಷೆಯಲ್ಲೂ ಕೂತೆವು, ಎದ್ದೆವು. ಜೂನ್‌ನಲ್ಲಿ ನಗೆಪಾಟಲಾಗಿದ್ದ ಪದ ನವೆಂಬರ್‌ನಲ್ಲಿ ಆಟವಾಯ್ತು.

ನಾಲ್ಕು, ದಿನಕ್ಕೊಂದು ಕಥೆ. ಮೊದಲು ಕನ್ನಡದಲ್ಲಿ, ಎರಡು ದಿನ ಬಿಟ್ಟು ಅದೇ ಕಥೆ ಇಂಗ್ಲಿಷಲ್ಲಿ. ಕಥೆ ಮೊದಲೇ ಗೊತ್ತಿರೋದರಿಂದ ಮಕ್ಕಳು ಇಂಗ್ಲಿಷ್ ಮಾತನ್ನು ಊಹಿಸಿಕೊಳ್ತಾರೆ.

ಇದು ನನ್ನ ಆವಿಷ್ಕಾರ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8ನೇ ವಯಸ್ಸಿನವರೆಗಿನ ಐದು ವರ್ಷವನ್ನು ಒಂದೇ ಬುನಾದಿ ಹಂತ ಅಂತ ನೋಡುತ್ತೆ. ಸಾಧ್ಯವಾದ ಕಡೆಯಲ್ಲೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಿ ಅನ್ನುತ್ತೆ. 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಆಟದ ಮೂಲಕ ಕಲಿಕೆ ಅಂತಲೇ ಹೇಳುತ್ತೆ. ಅದಕ್ಕೂ ಬಹಳ ಹಿಂದೆ, 1975ರ ಅಕ್ಟೋಬರ್ 2ರಂದು ಶುರುವಾದ ಐಸಿಡಿಎಸ್ ಯೋಜನೆಯಲ್ಲಿ, ಊಟ, ಲಸಿಕೆಯ ಜೊತೆಗೆ ಅಂಗನವಾಡಿಯಲ್ಲಿ ಶಾಲಾಪೂರ್ವ ಶಿಕ್ಷಣವೂ ಸೇರಿತ್ತು. ನಮ್ಮ ರಾಜ್ಯದಲ್ಲಿ ಅದು ಶುರುವಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಪುಟ್ಟ ಊರಲ್ಲಿ ಜೋರಾಗಿ ಹಾಡ್ತಿದ್ದದ್ದು ಅಂಥದೇ ಒಂದು ಅಂಗನವಾಡಿಯಲ್ಲಿ. ಅಲ್ಲಿಂದ ಫೀಸ್ ಕಟ್ಟಿ ನಮ್ಮ ಸ್ಕೂಲಿಗೆ ಬಂದು ಅವನು ಮೂಕನಾದ. ಈ ಮಾತು ಬರೆಯೋಕೆ ನನಗೆ ಈಗಲೂ ಕಷ್ಟ.

ನಮ್ಮನೆ ಕಥೆ

ಇಷ್ಟೆಲ್ಲ ಆಗುವಾಗ ನನ್ನ ಮಗಳು ಏನು ಮಾಡ್ತಿದ್ದಳು? ನಾವು ಮನೇಲಿ ‘ಬನಾನಾ ತಿನ್ನು, ಹ್ಯಾಂಡ್ ವಾಶ್ ಮಾಡು, ಶೂ ರಿಮೂವ್ ಮಾಡು’ ಅಂತಿದ್ದವರು. ಇದು ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ನಮ್ಮಮ್ಮ ಊರಿಂದ ವಿಡಿಯೋ ಕಾಲ್ ಮಾಡಿದರೆ ಮಗಳು ‘ಹಾಯ್, ಬೈ’ ಅಂದು ಓಡಿಹೋಗ್ತಿದ್ದಳು. ‘ಅವಳಿಗೆ ನನ್ನ ಜೊತೆ ಮಾತಾಡೋಕೆ ಇಷ್ಟ ಇಲ್ಲವೇನೋ’ ಅಂತ ಅಮ್ಮ ಒಂದು ಸಲ ಅಂದಿದ್ದರು. ನಾನು ‘ಮಕ್ಕಳಲ್ವಾ ಅಮ್ಮ’ ಅಂತ ತೇಲಿಸಿಬಿಟ್ಟಿದ್ದೆ.

ಪುಟ್ಟನ ತಾಯಿಗೆ ಇಂಗ್ಲಿಷ್ ಬಾರದೆ ಮನೆಯಲ್ಲಿ ಮಾತು ನಿಂತಿತ್ತು. ನನಗೆ ಇಂಗ್ಲಿಷ್ ಬಂದೂ ನಮ್ಮನೆಯಲ್ಲಿ ಮಾತು ನಿಂತಿತ್ತು. ಆಜ್ಞೆಗಳು ಮಾತ್ರ ಇದ್ದವು.

ಡಿಸೆಂಬರ್‌ನಲ್ಲಿ ಅವರೆಕಾಯಿ ಬಂತು. ಸಂಜೆ ಫೋನನ್ನು ಫ್ರಿಡ್ಜ್ ಮೇಲಿಟ್ಟು, ಮಗಳ ಜೊತೆ ಪೇಪರ್ ಹಾಸ್ಕೊಂಡು ಸುಲಿಯೋಕೆ ಕೂತೆ. ಅವರೆಕಾಳಾದ್ದರಿಂದ ಕಣ್ಣು ಅವಳ ಮೇಲೇ ಇತ್ತು ಅನ್ನಿ! ಒಂದು ಕಾಯಲ್ಲಿ ಹುಳ ಸಿಕ್ತು. ‘ಅಮ್ಮಾ, ಇದರ ಮನೆ ನಾವು ಒಡೆದುಬಿಟ್ವಾ?’ ಅಂದಳು. ಅವಳ ಬಾಯಲ್ಲಿ ಅಷ್ಟು ಉದ್ದದ ಒಂದು ಪೂರ್ತಿ ವಾಕ್ಯ ಕೇಳಿ ನನಗೆ ಆಶ್ಚರ್ಯವಾಯ್ತು. ಆ ಹುಳದ ಬಗ್ಗೆ ನಾವು ಅರ್ಧ ಗಂಟೆ ಮಾತಾಡಿದೆವು.

ಫೆಬ್ರವರಿ

ಪುಟ್ಟ ಸ್ಟೇಜ್ ಮೇಲೆ ಇಂಗ್ಲಿಷ್ ರೈಮ್ಸ್ ಹೇಳಿ ಎಲ್ಲರೂ ಕಣ್ಣೊರೆಸಿಕೊಂಡರು ಅಂತ ಬರೆಯೋಕೆ ನನಗೂ ಆಸೆ. ಹಾಗಾಗಲಿಲ್ಲ. ಅವನು ಮಾತಾಡೋಕೆ ಶುರು ಮಾಡಿದ, ಜಗಳ ಆಡೋಕೂ ಶುರು ಮಾಡಿದ. ಇಂಗ್ಲಿಷಲ್ಲಿ ‘ಗಿವ್ ಮಿ’, ‘ನಾಟ್ ಲೈಕ್ ದಟ್’ ಅನ್ನೋ ಎರಡು ಮಾತನ್ನು ಎಲ್ಲದಕ್ಕೂ ಬಳಸ್ತಿದ್ದ. ಪೆನ್ಸಿಲ್ ಹಿಡಿಯೋದು ಇನ್ನೂ ಕಷ್ಟವೇ ಇತ್ತು.

ಫೆಬ್ರವರಿ ಕೊನೆಗೆ ಅವನ ತಾಯಿ ಬಂದರು. ಅಪ್ಪ ಕೆಲಸ ಮಾಡ್ತಿದ್ದ ಬಿಲ್ಡಿಂಗ್ ಮುಗಿದಿತ್ತು, ಹೊಸ ಕೆಲಸ ಊರಿನ ಇನ್ನೊಂದು ತುದಿಯಲ್ಲಿ. ಶೆಡ್ಡೂ ಅಲ್ಲೇ. ವರ್ಷ ಮುಗಿಯೋವರೆಗಾದರೂ ಇರಿ ಅಂದೆ. ‘ಹೆಂಗ ಆಗ್ತದ್ರಿ’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಒಂದು ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟರು. ‘ಅಕ್ಕೋರಿಗೆ ಮಾಡಾಕ ಬರಂಗಿಲ್ಲಂತ, ಕೊಟ್ಟ ಬಾ ಅಂತ ಇವನೇ ಜೀವಾ ತಿಂದಾನ್ರಿ’ ಅಂದರು. ಪುಟ್ಟ ಅವರ ಸೆರಗಿನ ಹಿಂದಿನಿಂದ, ‘ಬಿಸಿ ಇದ್ದಾಗ ತಿನ್ರಿ’ ಅಂದ. ಹೋಗುವಾಗ ತಿರುಗಿ ಕೈ ಬೀಸಿದ. ಸನ್ನೆ ಅಲ್ಲ, ಜೊತೆಗೆ ‘ಬರ್ತೀನ್ರಿ ಮಿಸ್’ ಅಂತ ಜೋರಾಗಿ ಕೂಗಿದ ಕೂಡ.

ಹೊಸ ಸ್ಕೂಲಿನ ಮಿಸ್ ಅವನು ‘ಕುಂದ್ರಲಿ?’ ಅಂದಾಗ ಏನು ಮಾಡಿದರೋ ಗೊತ್ತಿಲ್ಲ. ಯೋಚನೆ ಬಂದಾಗಲೆಲ್ಲ ಹೊಟ್ಟೆ ಸಂಕಟ ಆಗುತ್ತೆ.

ಈ ವರ್ಷದ ಮೊದಲ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಒಬ್ಬ ಅಪ್ಪ, ಐಟಿಯವರು, ‘ಮಿಸ್, ಮನೇಲಿ ಯಾವ ಲ್ಯಾಂಗ್ವೇಜ್‌ನಲ್ಲಿ ಮಾತಾಡ್ಬೇಕು?’ ಅಂತ ಕೇಳಿದರು. ನಾನು, ‘ಮನೇಲಿ ಯಾವ ಭಾಷೇಲಿ ಬೈತೀರಾ ಸರ್?’ ಅಂದೆ. ಅವರು ನಕ್ಕು, ‘ಪಕ್ಕಾ ಮಂಡ್ಯ ಕನ್ನಡ ಮಿಸ್’ ಅಂದರು.

‘ಹಾಗಾದ್ರೆ ಮುದ್ದೂ ಅದರಲ್ಲೇ ಮಾಡಿ, ಕಥೇನೂ ಅದರಲ್ಲೇ ಹೇಳಿ. ಮಿಕ್ಕಿದ್ದು ನಾನು ನೋಡ್ಕೋತೀನಿ’ ಅಂದೆ.

ಪ್ರೋಗ್ರೆಸ್ ಕಾರ್ಡ್ ತೋರಿಸೋ ಮೊದಲು ಈಗ ಎಲ್ಲರಿಗೂ ಒಂದು ಪ್ರಶ್ನೆ ಕೇಳ್ತೀನಿ. ‘ನಿಮ್ಮ ಮಗುವಿಗೆ ಗೊತ್ತಿದ್ದು, ನನಗೆ ಗೊತ್ತಿಲ್ಲದ್ದು ಏನಿದೆ?’ ಮೊದಲು ತಬ್ಬಿಬ್ಬಾಗ್ತಾರೆ. ಆಮೇಲೆ ಒಬ್ಬೊಬ್ಬರೇ ಶುರು ಮಾಡ್ತಾರೆ. ಅವಳಿಗೆ ಹೂ ಕಟ್ಟೋಕೆ ಬರುತ್ತೆ ಮಿಸ್. ಇವನು ಬೈಕ್ ಸದ್ದು ಕೇಳಿ ಯಾವ ಬೈಕ್ ಅಂತ ಹೇಳ್ತಾನೆ.

ನಾನು ಅದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಕೊಳ್ತೀನಿ. ಮೊದಲ ಪುಟದಲ್ಲಿ ಇರೋದು ಜೋಳದ ರೊಟ್ಟಿ ಮಾಡೋ ವಿಧಾನ. ನಾನು ಎರಡು ಸಲ ಪ್ರಯತ್ನಿಸಿದೆ, ಎರಡೂ ಸಲ ಹರಿದುಹೋಯ್ತು.